ಬ್ಯಾಸಗಿ ದಾರಿ

ಟಿಕ್‌ಟಿಕ್‌ಟಿಕ್‌ಟಿಕ್ ಎಂದು ಒಂದು ಸಪ್ಪಳ. ಭಾನುವಾರ ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿ ಚಹಾ ಸೋಸುವ ಹೊತ್ತಿಗೆ ಸರಿಯಾಗಿ ಅದು ಮಾಳಿಗೆಯ ಮೆಟ್ಟಿಲ ಬುಡದಿಂದ ಹೊರಟು, ಅಂಗಳದ ಬೇವಿನ ಗಿಡವನ್ನು ಸುತ್ತುಹಾಕಿ, ಮತ್ತೆ ಮೆಟ್ಟಿಲ ಬುಡಕ್ಕೇ ಬಂದು ನಿಲ್ಲುತ್ತಿತ್ತು. ಸೈಕಲ್ಲನ್ನು ಹತ್ತದೆ ಬರೀ ದಬ್ಬಿಕೊಂಡು ಹೋದರೆ ಹಿಂದಿನ ಗಾಲಿಯಿಂದ ಬರುವ ಸಪ್ಪಳ ಅದು. ಹತ್ತಿ ತುಳಿದರೆ ಬರುವುದಿಲ್ಲ. ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಆ ವರ್ಷ ತಿಂಗಳುಗಟ್ಟಲೆ ಅದನ್ನು ಕೇಳಿದೆ.

ಮೊನ್ನೆ ಇಂಡಿಗೆ, ನಾದಿನಿಯ ಮನೆಗೆ ಹೋಗಿದ್ದೆ. ಅವರ ಲಿಂಬೆ ತೋಟದ ಬೇಲಿಯಾಚೆ ಯಾರೋ ಸೈಕಲ್ ದಬ್ಬಿಕೊಂಡು ಹೋದರು. ನಾದಿನಿ ಏನೋ ಹೇಳುತ್ತಿದ್ದಳು, ನನ್ನ ಕಿವಿಗೆ ಬೀಳಲಿಲ್ಲ. "ಎತ್ತ ಹ್ವಾದ್ರಿ ವೈನಿ?" ಎಂದಳು. ಎಲ್ಲೂ ಇಲ್ಲ ಎಂದೆ. ಆದರೆ ಹೋಗಿದ್ದೆ. ಚೈತ್ರಾ ನಮ್ಮ ಮಾಳಿಗೆಯಲ್ಲಿದ್ದ ಆ ವರ್ಷಕ್ಕೆ.

ಚೈತ್ರಾ ದನಗಳ ಡಾಕ್ಟರು. ಊರು ಚಾಮರಾಜನಗರದ ಕಡೆ. ಮೊದಲ ಪೋಸ್ಟಿಂಗ್ ಸಿಂದಗಿಯಲ್ಲಿ ಮುಗಿಸಿ ನಮ್ಮ ತಾಲೂಕಿಗೆ ಬಂದಿದ್ದಳು. ನಮ್ಮ ಯಜಮಾನರು ಹೋದ ಮೇಲೆ ಮಾಳಿಗೆಯ ಕೋಣೆ ಸುಮ್ಮನೆ ಬಿದ್ದಿತ್ತು, ಕೊಟ್ಟೆ. ಟೆಂಪೋದಿಂದ ಒಂದು ಗ್ಯಾಸಿನ ಒಲೆ, ಒಂದು ಟ್ರಂಕು, ಹಾಸಿಗೆ ಇಳಿದವು. ಕೊನೆಗೆ ಚಾದರದಲ್ಲಿ ಸುತ್ತಿದ, ದಪ್ಪ ಟಾಯರಿನ ನೀಲಿ ಮೌಂಟೇನ್ ಬೈಕ್ ಇಳಿಯಿತು. ಅದನ್ನು ಮಾತ್ರ ಹಮಾಲನಿಗೆ ಮುಟ್ಟಗೊಡದೆ ತಾನೇ ಹೊತ್ತು ಮೇಲೇರಿದಳು. ವಾಟ್ ಎ ಸ್ಪೋರ್ಟ್ಸ್‌ವುಮನ್ ಅಂದುಕೊಂಡೆ. ಆಮೇಲೆ ನೋಡಿದರೆ ಆಸ್ಪತ್ರೆಗೆ ಹೋಗುವುದು ನಡೆದು, ಹಳ್ಳಿಗೆ ಹೋಗುವುದು ಬಸ್ಸಿನಲ್ಲಿ. ಸೈಕಲ್ ಇಳಿಯುವುದು ಭಾನುವಾರ ಮಾತ್ರ. ಒರೆಸುವಳು, ಚೈನಿಗೆ ಎಣ್ಣೆ ಬಿಡುವಳು, ಅಂಗಳದಲ್ಲಿ ಸುತ್ತು ಹಾಕಿಸುವಳು, ಮತ್ತೆ ಹೊತ್ತು ಮೇಲೆ ಇಡುವಳು.

ಎದುರು ಮನೆಯ ದಸ್ತಗೀರಸಾಬರಿಗೆ ಇದು ದೊಡ್ಡ ತಮಾಷೆ. ಅವರು ಸಾರಿಗೆ ಬಸ್ಸಿನ ಡ್ರೈವರಾಗಿ ತಾಳಿಕೋಟೆ, ಸಿಂದಗಿ ಎಂದು ಸುತ್ತಿ ರಿಟೈರ್ ಆದವರು. ನನಗೆ ಕಾರು ಓಡಿಸಲು ಬರುವುದಿಲ್ಲ, ಅವರಿಗೆ ಓಡಿಸದಿದ್ದರೆ ಕೈ ತುರಿಸುತ್ತದೆ. ಹಾಗಾಗಿ ನಮ್ಮ ಯಜಮಾನರ ಹಳೆಯ ಕಾರು ಅವರ ಕೈಯಲ್ಲಿಯೇ ಇತ್ತು. ಒಂದು ಭಾನುವಾರ ಗೇಟಿಗೆ ಆತುಕೊಂಡು ನಿಂತು ಅವರು ಕೇಳಿದರು:

"ಅಕ್ಕೋರ, ಸೈಕಲ್ ಹತ್ತಾಕ ಇರತೈತ್ರಿ. ಈ ಡಾಕ್ಟ್ರಬಾಯಿ ಏನ್ರಿ, ಆಕಳ ಮೇಸಿದಂಗ ಮೇಸಾಕತ್ತಾಳ?"

ಚೈತ್ರಾಗೆ ಕೇಳಿಸಿತು. ನಕ್ಕಳು. ಆದರೆ ಆ ಸಂಜೆ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಾಗ ತಾನಾಗಿಯೇ ಹೇಳಿದಳು. ಸಿಂದಗಿಯ ಹತ್ತಿರ ಸೈಕಲ್ಲಿನಲ್ಲಿ ಹೋಗುವಾಗ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಎರಡು ಟ್ರ್ಯಾಲಿ ಕಟ್ಟಿದ್ದರು. ಮುಂದಿನದು ದಾಟಿತೆಂದು ಇವಳು ನಿರಾಳವಾದಳು, ಹಿಂದಿನದು ಬಾಲ ಬೀಸಿದ ಹಾಗೆ ಬಂದು ಸವರಿಕೊಂಡು ಹೋಯಿತು. ಭುಜದ ಎಲುಬು ಮುರಿಯಿತು. ಎಲುಬು ಕೂಡಿತು, ಬೈಕಿಗೆ ಒಂದು ಗೀರೂ ಆಗಿರಲಿಲ್ಲ. ಅಂದಿನಿಂದ ಡಾಂಬರು ರಸ್ತೆಗೆ ಚಕ್ರ ಇಟ್ಟರೆ ಹಿಂದಿನಿಂದ ಏನೋ ಬರುತ್ತಿದೆ ಅನ್ನಿಸುತ್ತದೆ, ಇಳಿದುಬಿಡುತ್ತಾಳೆ. ಅಪ್ಪ ಫೋನು ಮಾಡಿದಾಗಲೆಲ್ಲ ಒಂದೇ ಮಾತು: ಅದನ್ನು ಮಾರು, ಕೊಡು, ಏನಾದರೂ ಮಾಡು, ಕಣ್ಣೆದುರು ಇಟ್ಟುಕೊಂಡು ಕೊರಗಬೇಡ. ತಾಳಿಕೋಟೆಯ ಒಬ್ಬ ಹುಡುಗ ಬಂದು ನೋಡಿಕೊಂಡೂ ಹೋಗಿದ್ದ.

"ವರ್ಷ ಮುಗಿಯೋದ್ರೊಳಗೆ ಒಂದು ಸಲ ಸರಿಯಾಗಿ ಓಡಿಸ್ತೀನಿ ಆಂಟಿ. ಆಗಲಿಲ್ಲ ಅಂದ್ರೆ ಆ ಹುಡುಗನಿಗೆ ಕೊಟ್ಟುಬಿಡ್ತೀನಿ. ಮತ್ತೆ ಯಾವತ್ತೂ ಸೈಕಲ್ ಮುಟ್ಟಲ್ಲ" ಎಂದಳು. ಅಳಲಿಲ್ಲ. ಅವರೆಕಾಳನ್ನು ಮಾತ್ರ ಸಿಪ್ಪೆಯ ರಾಶಿಗೆ ಹಾಕುತ್ತಿದ್ದಳು.

ಆಗ ನಾನೇ ಹೇಳಿದ್ದು. ಡಾಂಬರು ಮುಟ್ಟದೆ ಇಲ್ಲಿಂದ ನನ್ನ ತವರಿನವರೆಗೆ ಹೋಗಬಹುದು ಎಂದು.

ನನ್ನ ತವರು ಬಸವನ ಬಾಗೇವಾಡಿಗಿಂತ ಈಚೆಗಿನ ಒಂದು ಹಳ್ಳಿ. ನಾನು ಬಿಜಾಪುರದ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಓದಿದವಳು. ರಜೆಗೆ ಬಂದರೆ ಅಪ್ಪ ನನ್ನನ್ನೂ ತಮ್ಮ ಬಸುರಾಜನನ್ನೂ ಚಕ್ಕಡಿಯಲ್ಲಿ ಕೂರಿಸಿ ಮುದ್ದೇಬಿಹಾಳಕ್ಕೆ, ಸೋದರಮಾವನ ಮನೆಗೆ ಕಳಿಸುತ್ತಿದ್ದರು. ನಸುಕಿನಲ್ಲಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮುಟ್ಟುತ್ತಿದ್ದೆವು. ಮೊದಲು ಕರಿಮಣ್ಣಿನ ಎರಿ ಹೊಲಗಳು, ಆಮೇಲೆ ಮಡ್ಡಿ, ಕೊನೆಗೆ ಅಡವಿ. ನಮ್ಮಲ್ಲಿ ಅಡವಿ ಎಂದರೆ ಬೇವು, ಹೊಂಗೆ, ಜಾಲಿ. ಅರಣ್ಯ ಇಲಾಖೆಯವರು ನೆಟ್ಟದ್ದು ಅರ್ಧ, ತಾನೇ ಹುಟ್ಟಿದ್ದು ಅರ್ಧ. ಮಡ್ಡಿ ಎಂದರೆ ಉತ್ತಲೂ ಬಾರದ, ಬಿತ್ತಲೂ ಬಾರದ ಕಲ್ಲುನೆಲ. ತಂಗಟಿ ಗಿಡ, ಬಾರಿ ಕಂಟಿ, ಮೊಣಕಾಲೆತ್ತರದ ಹುಲ್ಲು, ಮೇಲೆ ಬರೀ ಗಾಳಿ. ಇಂಗ್ಲಿಷ್ ಪಾಠದಲ್ಲಿ ಹೀತ್ ಎಂಬ ಪದ ಬಂದಾಗ ಸಿಸ್ಟರ್ ಅದನ್ನು ವಿವರಿಸಲು ಒದ್ದಾಡಿದ್ದರು. ನನಗೆ ಥಟ್ಟನೆ ಗೊತ್ತಾಗಿತ್ತು, ನಮ್ಮ ಮಡ್ಡಿ.

"ಐ ನೋ ಎವ್ರಿ ಇಂಚ್ ಆಫ್ ಇಟ್, ಮೈ ಡಿಯರ್" ಎಂದುಬಿಟ್ಟೆ ಚೈತ್ರಾಗೆ. ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ.

ಮೇ ತಿಂಗಳ ಬಿಸಿಲಿನಲ್ಲಿ ಪ್ಲಾನ್ ಶುರುವಾಯಿತು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾನು ನೆನಪಿನಿಂದ ಗೆರೆ ಎಳೆಯುವುದು, ಅವಳು ಮೊಬೈಲಿನಲ್ಲಿ ಸ್ಯಾಟಲೈಟ್ ಚಿತ್ರ ಹಿಗ್ಗಿಸಿ ತಾಳೆ ನೋಡುವುದು. ಆಶ್ಚರ್ಯವೆಂದರೆ ನನ್ನ ಗೆರೆಗಳೆಲ್ಲ ಅಲ್ಲಿದ್ದವು. ಕಪ್ಪು ಹೊಲಗಳ ನಡುವೆ ಸುಣ್ಣದಲ್ಲಿ ಎಳೆದ ಹಾಗೆ ಬಿಳಿ ಗಾಡಿದಾರಿಗಳು. "ನೋಡಿ ಆಂಟಿ, ಇಲ್ಲೇ ಇದೆ, ನೀವು ಹೇಳಿದ್ದೇ ಕರೆಕ್ಟು" ಎಂದು ಅವಳು ಕುಣಿದಾಡಿದಳು. ಒಂದು ಕಡೆ ಮಾತ್ರ ದೊಡ್ಡ ರಸ್ತೆ ಅಡ್ಡ ಬರುತ್ತಿತ್ತು. ಅದಕ್ಕೂ ಉಪಾಯ ಸಿಕ್ಕಿತು: ಅಲ್ಲಿ ಹಳ್ಳಕ್ಕೊಂದು ಪೂಲು ಕಟ್ಟಿದ್ದಾರೆ, ಒಣಗಿದ ಹಳ್ಳದಲ್ಲಿ ಇಳಿದು ಪೂಲಿನ ಕೆಳಗೇ ದಾಟಿಬಿಟ್ಟರೆ ಡಾಂಬರಿನ ಋಣವೇ ಇಲ್ಲ. ಕಾರಿನಲ್ಲಿ ಹೋಗಿ ನೋಡಿಕೊಂಡೂ ಬಂದೆವು. ದಸ್ತಗೀರಸಾಬರು ಸ್ಟೇರಿಂಗ್ ಹಿಡಿದು ಉದ್ದಕ್ಕೂ ಗೊಣಗಿದರು. ಇಷ್ಟು ಚಂದದ ರಸ್ತೆ ಬಿಟ್ಟು ಕಲ್ಲು ಮುಳ್ಳು ಹುಡುಕುವವರನ್ನು ತಮ್ಮ ಸರ್ವೀಸಿನಲ್ಲೇ ನೋಡಿಲ್ಲವಂತೆ. ಎಲ್ಲ ದಾರಿಯೂ ಇತ್ತು. ಬೇಕಾದಲ್ಲಿ ಹೋಗು ಎನ್ನುವಂತೆ ಹೊಲಗಳು ಬಾಯಿ ತೆರೆದು ಬಿದ್ದಿದ್ದವು.

ಆ ಬಿಸಿಲಲ್ಲಿ ಓಡಿಸುವುದು ಯಾರಿಗೂ ಆಗದು. ಮಳೆ ಮುಗಿದ ಮೇಲೆ, ಚಳಿಗಾಲದಲ್ಲಿ ಎಂದು ನಿಶ್ಚಯವಾಯಿತು.

ಜುಲೈನಲ್ಲಿ ಒಂದೆರಡು ಮಳೆಯಾಗಿ ಮಡ್ಡಿ ಹಸಿರಾದಾಗ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಅಲ್ಲಿಗೆ ಹೋದೆವು. ನಾವೂ ಕೆಲವು ಕುರಿಗಳೂ ಬಿಟ್ಟರೆ ಯಾರಿಲ್ಲ. ಅವಳು ಬಹಳ ಹೊತ್ತು ಸೀಟಿನ ಮೇಲೆ ಕೈ ಇಟ್ಟು ನಿಂತಿದ್ದಳು. ದಸ್ತಗೀರಸಾಬರು ಏನೋ ಚೇಷ್ಟೆ ಮಾಡಲು ಬಾಯಿ ತೆರೆದವರು ನನ್ನ ಮುಖ ನೋಡಿ ಬೀಡಿ ಹಚ್ಚಿಕೊಂಡರು. ಆಮೇಲೆ ಅವಳು ಹತ್ತಿದಳು. ದೂರದ ಬೇವಿನ ಗಿಡದವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಸಪ್ಪಳವೇ ಇರಲಿಲ್ಲ. ನಾನು ಕಾರಿನ ಬಾಗಿಲು ಹಿಡಿದುಕೊಂಡೆ.

ಇಷ್ಟಾದರೂ ಡಾಂಬರಿನ ಹೆಸರೆತ್ತಿದರೆ ಅವಳ ಮುಖ ಬಾಡುತ್ತಿತ್ತು. ಮನೆಗೆ ಬಂದು ಕಾರಿನಿಂದ ಸೈಕಲ್ ಇಳಿಸಿ ಗೇಟಿನವರೆಗಿನ ಆ ಚೂರು ರಸ್ತೆಯನ್ನೂ ದಬ್ಬಿಕೊಂಡೇ ದಾಟಿದಳು.

ಸೆಪ್ಟೆಂಬರಿನಲ್ಲಿ ಎರಿಯ ಪರೀಕ್ಷೆ ಮಾಡಿದೆವು. ನಮ್ಮ ಎರಿಮಣ್ಣು ಹಸಿಯಾದರೆ ಚಪ್ಪಲಿಯನ್ನೇ ಬಿಡುವುದಿಲ್ಲ, ಸೈಕಲ್ಲನ್ನು ಬಿಟ್ಟೀತೆ? ನಾಲ್ಕು ಮಾರು ಉರುಳುವುದರೊಳಗೆ ಮಣ್ಣು ರೊಟ್ಟಿಯ ಹಿಟ್ಟಿನ ಹಾಗೆ ಸುತ್ತಿಕೊಂಡು ಗಾಲಿ ನಿಂತೇಬಿಟ್ಟಿತು. ಸೈಕಲ್ಲಿನ ತೂಕಕ್ಕೆ ಅಷ್ಟೇ ತೂಕದ ಮಣ್ಣು. ಅದನ್ನು ಕಡ್ಡಿಯಿಂದ ಕೆರೆದು ಕೆರೆದು, ನಮ್ಮ ಡಾಕ್ಟರಮ್ಮ ಮೊದಲ ಸಲ ಜೋರಾಗಿ ನಕ್ಕದ್ದು ಅವತ್ತೇ.

ದೀಪಾವಳಿ ಮುಗಿದು ನೆಲ ಒಣಗಿತು. ಕೊನೆಯ ಸಲ ದಾರಿ ನೋಡಿಬರೋಣವೆಂದು ಹೋದೆವು. ಅಡವಿ ಇತ್ತು. ಮಡ್ಡಿ ಇತ್ತು. ಮಡ್ಡಿ ಇಳಿದು ಎರಿಗೆ ಬಂದರೆ ದಾರಿಯೇ ಇಲ್ಲ. ಮೇನಲ್ಲಿ ಬಿಳಿ ಗೆರೆ ಕಂಡಲ್ಲಿ ಸೊಂಟದೆತ್ತರದ ಬಿಳಿಜೋಳ ನಿಂತಿತ್ತು. ಅದರ ಪಕ್ಕ ಕಡಲೆ, ಅದರಾಚೆ ಮತ್ತೆ ಜೋಳ. ಎಲ್ಲಿ ನಿಂತು ನೋಡಿದರೂ ಒಂದೇ ಹಸಿರು. ಹೊಲದಲ್ಲಿದ್ದ ಒಬ್ಬ ಹೆಣ್ಣುಮಗಳು ನಮ್ಮನ್ನು ನೋಡಿ ಏನು ಕಳಕೊಂಡಿರಿ ಎಂದು ಕೇಳಿದಳು. ಚಕ್ಕಡಿ ದಾರಿ ಎಲ್ಲಿ ಹೋಯಿತು ಎಂದೆ.

"ಅದು ಬ್ಯಾಸಗಿ ದಾರಿರಿ ಅಕ್ಕೋರ. ಬಿತ್ತಿದ ಮ್ಯಾಲೆ ಎಲ್ಲಿರತೈತಿ?"

ಆಗ ತಲೆಗೆ ಹೊಳೆಯಿತು. ಹಾಸ್ಟೆಲ್ಲಿನ ಹುಡುಗಿ ಊರಿಗೆ ಬರುತ್ತಿದ್ದದ್ದು ಬೇಸಿಗೆ ರಜೆಯಲ್ಲಿ. ನನ್ನ ಇಡೀ ಬಾಲ್ಯದ ಭೂಗೋಳ ಏಪ್ರಿಲ್, ಮೇ ತಿಂಗಳದ್ದು. ಬೆಳೆ ಕಟಾವಾಗಿ ಹೊಲ ಖಾಲಿಯಾದಾಗ ಗಾಡಿಗಳು ಹತ್ತಿರವಾಗಲೆಂದು ಅಡ್ಡ ಹಾಯುತ್ತವೆ. ಮಳೆ ಬಿದ್ದು ಕೂರಿಗೆ ಹೂಡಿದರೆ ದಾರಿಯೂ ಹೊಲವೇ. ಸ್ಯಾಟಲೈಟಿನ ಚಿತ್ರವೂ ಯಾವುದೋ ಬೇಸಿಗೆಯಲ್ಲಿ ತೆಗೆದದ್ದಿರಬೇಕು. ಎಪ್ಪತ್ತು ದಾಟಿದ ಮುದುಕಿಯೂ ಆಕಾಶದ ಯಂತ್ರವೂ ಕೂಡಿ ಒಂದೇ ತಪ್ಪು ಮಾಡಿದ್ದೆವು.

ಬೆಳೆದು ನಿಂತ ಹೊಲದಲ್ಲಿ ಸೈಕಲ್ ಹಾಯಿಸುತ್ತೇವೆಂದರೆ ಯಾವ ಒಕ್ಕಲಿಗ ಬಿಟ್ಟಾನು? ಕೇಳುವ ಮುಖವೂ ನಮಗಿರಲಿಲ್ಲ. ಕಾರು ತಿರುಗಿಸಿದೆವು. ಊರು ಹತ್ತಿರವಾದಾಗ ಚೈತ್ರಾ ಕಿಟಕಿಯ ಹೊರಗೆ ನೋಡುತ್ತಲೇ, "ಸಾಕು ಆಂಟಿ. ತಾಳಿಕೋಟೆ ಹುಡುಗನಿಗೆ ಫೋನ್ ಮಾಡ್ತೀನಿ" ಎಂದಳು. ದಸ್ತಗೀರಸಾಬರು, ಅಷ್ಟು ಗೊಣಗಿದವರು, ಗೇರು ಬದಲಿಸುತ್ತ "ತಡೀರಿ ಬಾಯಾರ, ಏನ್ ಅವಸರ ಐತಿ" ಎಂದದ್ದು ನನಗೆ ನೆನಪಿದೆ.

ಮುಂದಿನ ವಾರಗಳಲ್ಲಿ ಭಾನುವಾರ ಆ ಸಪ್ಪಳವೂ ನಿಂತಿತು. ಸೈಕಲ್ ಮೇಲೆಯೇ ಇತ್ತು. ಐ ಫೆಲ್ಟ್ ರೆಚೆಡ್. ಆಸೆ ಹುಟ್ಟಿಸಿದವಳು ನಾನು.

ದಾರಿ ಸಿಕ್ಕದ್ದು ಬೇರೆ ಮಾತಿನ ನಡುವೆ. ತಮ್ಮನ ಹೆಂಡತಿ ನೀಲವ್ವ ಫೋನು ಮಾಡಿ ಎಳ್ಳ ಅಮಾಸೆಗೆ ಹೊಲಕ್ಕೆ ಬಾ ಎಂದಳು. ನಮ್ಮ ಕಡೆ ಅವತ್ತು ಊರಲ್ಲಿ ಒಲೆಯ ಮುಂದೆ ಯಾರೂ ಇರುವುದಿಲ್ಲ. ಬುಟ್ಟಿಗಟ್ಟಲೆ ಅಡಿಗೆ ಹೊತ್ತು ಎಲ್ಲರೂ ತಂತಮ್ಮ ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಎಡೆಯ ಅನ್ನವನ್ನು ಬೆಳೆಗೆ ಚರಗವೆಂದು ಚೆಲ್ಲಿ, ಅಲ್ಲಿಯೇ ಉಣ್ಣುತ್ತಾರೆ. ನಾನು ಸುಮ್ಮನೆ ನಮ್ಮ ಡಾಕ್ಟರಮ್ಮನ ಕಥೆ ಹೇಳಿದೆ. ನೀಲವ್ವ ನಕ್ಕಳು.

"ಅಮಾಸಿ ದಿನ ಹಾದು ಬರಾಕ ಹೇಳಬೇ ಅಕ್ಕಾ. ಅವತ್ತ ಯಾರ ಹೊಲದಾಗ ಕಾಲಿಟ್ರೂ ಯಾಕ್ ಬಂದಿ ಅಂತ ಕೇಳಂಗಿಲ್ಲ. ಉಂಡು ಹೋಗು ಅಂತಾರ."

ಫೋನು ಇಟ್ಟವಳೇ ಮಾಳಿಗೆ ಹತ್ತಿದೆ. ಮೊಣಕಾಲು ನೋವಿನಿಂದ ನಾನು ಆ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು. ಚೈತ್ರಾ ಬಾಗಿಲು ತೆರೆದು ಗಾಬರಿಯಾಗಿ, ಯಾರಿಗೇನಾಯಿತು ಎಂದಳು.

ಮತ್ತೆ ಪ್ಲಾನ್. ಹೊಲಗಳ ಬದುವಿನ ಮೇಲೆ ಹೋಗುವುದು. ಬದು ಮುಗಿದಲ್ಲಿ ಮುಂದಿನ ಹೊಲದವರನ್ನು ಕೇಳುವುದು. ಅಂದು ಪ್ರತಿ ಹೊಲದಲ್ಲೂ ಜನವಿರುತ್ತಾರಲ್ಲ. ಎರಡು ಬಾಟಲಿ ನೀರು, ಪಂಪು, ಟ್ಯೂಬು, ಬ್ಯಾಂಡೇಜು, ಖರ್ಜೂರ, ಗ್ಲೂಕೋಸು. ಮಡ್ಡಿ ಮುಗಿಯುವಲ್ಲಿ ನಾವು ಕಾರಿನೊಂದಿಗೆ ಕಾಯುವುದು, ಆಮೇಲೆ ತಮ್ಮನ ಹೊಲದಲ್ಲಿ ಮಧ್ಯಾಹ್ನದ ಊಟಕ್ಕೆ ಸೇರುವುದು. ನೀಲವ್ವನ ಮಾತಿನ ಮೊದಲರ್ಧವನ್ನಷ್ಟೇ ನಾವು ಪ್ಲಾನಿಗೆ ಹಾಕಿದ್ದೆವು. "ಉಂಡು ಹೋಗು ಅಂತಾರ" ಎಂಬುದನ್ನು ಮೂವರೂ ಮರೆತಿದ್ದೆವು.

ಅಮಾವಾಸ್ಯೆಯ ದಿನ ಅಡವಿಯ ಅಂಚಿನಲ್ಲಿ ಅವಳನ್ನು ಇಳಿಸಿದಾಗ ಬಾಯಿಂದ ಹಬೆ ಬರುತ್ತಿತ್ತು. ಬೇವಿನ ಗಿಡಗಳ ನಡುವೆ ಅವಳ ಹಳದಿ ಜಾಕೆಟ್ ಕಂಡು, ಮರೆಯಾಗಿ, ಮತ್ತೆ ಕಂಡು, ಹೋಯಿತು. ಮಡ್ಡಿಯ ತುದಿಯಲ್ಲಿ ನಾವು ಕಾದೆವು. ಹೇಳಿದ ಹೊತ್ತಿಗಿಂತ ಮೊದಲೇ ಬಂದಳು. ಕೆನ್ನೆ ಕೆಂಪಾಗಿತ್ತು, ಕೈಗೆ ಬಾರಿ ಮುಳ್ಳು ಗೀರಿತ್ತು, ಏನಾದರೂ ಬೇಕೆ ಎಂದರೆ ಬೇಡವೆಂದಳು. ತಲೆಯಾಡಿಸಿ ಜೋಳದೊಳಗೆ ಇಳಿದಳು. ಜೋಳ ಈಗ ಆಳೆತ್ತರ. ಸೈಕಲ್ಲಲ್ಲ, ಒಂಟೆ ಹೋಗಿದ್ದರೂ ಕಾಣುತ್ತಿರಲಿಲ್ಲ.

ತಮ್ಮನ ಹೊಲದಲ್ಲಿ ಪೂಜೆಯಾಯಿತು, ಚರಗವಾಯಿತು. ನೀಲವ್ವ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಎಣ್ಣೆಗಾಯಿ, ಭಜ್ಜಿ ಎಲ್ಲ ಹರವಿ ಕೂತಳು. ಹೊತ್ತು ನೆತ್ತಿಗೆ ಬಂತು. ನೆತ್ತಿಯಿಂದ ಇಳಿಯಿತು. ಫೋನು ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ ಎಂದು ಫೋನಿನೊಳಗಿನ ಆ ಹೆಂಗಸು ಹೇಳಿದ್ದನ್ನೇ ಹೇಳಿದಳು. ದಸ್ತಗೀರಸಾಬರು ಊಟ ಬಿಟ್ಟು ಎದ್ದು, ಕಾರು ತೆಗೆದುಕೊಂಡು ದೊಡ್ಡ ರಸ್ತೆಯಲ್ಲಿ ಪೂಲಿನವರೆಗೆ ಹೋಗಿ ಬಂದರು. ಪೂಲಿನ ಕೆಳಗೆ ನೀರು ನಿಂತಿದೆ, ಕಾಲುವೆಯದ್ದಿರಬೇಕು, ಆ ದಾರಿ ಆಗುವುದಿಲ್ಲ ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಅಂದರೆ ಅವಳು ಡಾಂಬರಿಗೆ ಬಂದಿರಬೇಕು. ಕಬ್ಬಿನ ಸೀಸನ್ನು. ಹೊಲದಲ್ಲಿ ಕೂತೇ ನನಗೆ ಟ್ರ್ಯಾಕ್ಟರುಗಳ ಗುಡುಗು ಕೇಳುತ್ತಿತ್ತು. ಅವಳು ರಸ್ತೆಯ ಬದಿಗೆ ಸೈಕಲ್ ಹಿಡಿದು ನಿಂತಿದ್ದಾಳೆ ಎನ್ನಿಸಿತು. ನಿಂತಿದ್ದರೆ ಸಾಕು ಎಂದೂ ಅನ್ನಿಸಿತು. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆ ಎಷ್ಟೋ ವರ್ಷಗಳ ಮೇಲೆ ತಾನಾಗಿ ಬಾಯಿಗೆ ಬಂತು, ಅರ್ಧಕ್ಕೆ ಮರೆತೂ ಹೋಯಿತು.

"ಅಕ್ಕಾ, ಸುಮ್ಮ ಕುಂಡ್ರು, ಕೇಳ್ತೇನಿ" ಎಂದು ಬಸುರಾಜ ಹಕ್ಕಿ ಕಾಯುವ ಅಟ್ಟದ ಮೇಲೆ ಹತ್ತಿ ನಿಂತ. ಅಂಗೈ ಬಾಯಿಗಿಟ್ಟು ಮುಂದಿನ ಹೊಲದವನನ್ನು ಕೂಗಿ, ಸೈಕಲ್ಲಿನ ಮೇಲೆ ಡಾಕ್ಟರ್ ಬಾಯಿ ಬಂದಳೇನೋ ಎಂದು ಕೇಳಿದ. ಅವನು ಅದನ್ನೇ ಆಚೆಯವನಿಗೆ ಕೂಗಿದ. ಅವನು ಅದರಾಚೆಯವನಿಗೆ. ಪ್ರಶ್ನೆ ಜೋಳದ ಮೇಲೆ ಹಾಯ್ದು ಸಣ್ಣದಾಗುತ್ತ ಹೋಗಿ ನಿಂತಿತು. ನೀಲವ್ವ ನನ್ನ ಕೈ ಹಿಡಿದುಕೊಂಡಿದ್ದಳು. ಬಹಳ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಉತ್ತರ ಹೊಲದಿಂದ ಹೊಲಕ್ಕೆ ದೊಡ್ಡದಾಗುತ್ತ ಬಂತು. ಕೊನೆಯದನ್ನು ತಮ್ಮ ಅಟ್ಟದ ಮೇಲಿನಿಂದಲೇ ನನಗೆ ಹೇಳಿದ:

"ಹಳ್ಳದ ಕಡೆಯವರ ಹೊಲದಾಗ ಉಂಡಾಳಂತ. ಅವರ ಬಾಜೂದವರಲ್ಲೂ ಉಂಡಾಳಂತ. ಈಗ ರಸ್ತಾದ ದಂಡಿಗಿ ಯಾರದೋ ಎತ್ತಿನ ಹೊಟ್ಟಿ ಉಬ್ಬೈತಂತ, ಅದರ ಮುಂದ ಕುಂತಾಳಂತ."

ದಸ್ತಗೀರಸಾಬರು ನೆಲದ ಮೇಲೆ ಕೂತು ನಗತೊಡಗಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಗುತ್ತಿದ್ದೇನೋ ಏನೋ, ನನಗೇ ಗೊತ್ತಾಗಲಿಲ್ಲ.

ಬಿಸಿಲು ಹಳದಿಯಾಗುವ ಹೊತ್ತಿಗೆ ಬದುವಿನ ಮೇಲೆ ಅವಳು ಬಂದಳು. ಹ್ಯಾಂಡಲಿಗೆ ಒಂದು ಕಡೆ ರೊಟ್ಟಿಯ ಗಂಟು, ಇನ್ನೊಂದು ಕಡೆ ಹಸಿ ಕಡಲೆಯ ಕಟ್ಟು. ಹಣೆಗೆ ಯಾರೋ ಭಂಡಾರ ಹಚ್ಚಿದ್ದರು. ಜಾಕೆಟ್ಟಿನ ತುಂಬ ಶೇಂಗಾ ಎಣ್ಣೆ. ಹಬ್ಬದ ಕಡಬು ಹೆಚ್ಚಾಗಿ ತಿಂದ ಎತ್ತಿಗೆ ಕುಡಿಸಿದ್ದಂತೆ. ಎತ್ತು ಎದ್ದು ನಿಂತ ಮೇಲೆ ಬಂದಳಂತೆ. ನಾನು ಬೈಯಲು ಬಾಯಿ ತೆರೆದೆ.

"ಊಟ ಬೇಡ ಆಂಟಿ, ದಯವಿಟ್ಟು. ಬೇಡ ಅಂದ್ರೆ ಯಾರೂ ಬಿಡೋದೇ ಇಲ್ಲ ಇಲ್ಲಿ" ಎಂದಳು. ಆಮೇಲೆ ಸೈಕಲ್ಲನ್ನು ಬದುವಿಗೆ ಒರಗಿಸಿ, "ರಸ್ತೆ ದಾಟಿದೆ" ಎಂದಳು. "ಎತ್ತು ಬಿದ್ದಿದೆ ಅಂತ ಓಡಿ ಬಂದ್ರಲ್ಲ, ಅವರ ಹಿಂದೆಯೇ ಹೊರಟುಬಿಟ್ಟೆ. ಕಬ್ಬಿನ ಟ್ರ್ಯಾಕ್ಟರ್ ಬರ್ತಿತ್ತು. ನಿಂತೆ, ಹಿಂದಿನ ಟ್ರ್ಯಾಲಿನೂ ಹೋಗಲಿ ಅಂತ ಕಾದೆ, ಹತ್ತಿ ಹೋದೆ. ಆ ಕಡೆ ಹೋದಮೇಲೆ ನೆನಪಾಯ್ತು, ನಾನು ಹೆದರಬೇಕಿತ್ತು ಅಂತ."

ನೀಲವ್ವ ಇದ್ಯಾವುದನ್ನೂ ಕೇಳಿಸಿಕೊಳ್ಳದೆ ಎಲೆ ಹಾಕಿ ಕಡಬು ಬಡಿಸಿದಳು. ಚೈತ್ರಾ ಉಂಡಳು.

ಭಯ ಅಂದೇ ಬಿಟ್ಟುಹೋಯಿತು ಎಂದರೆ ಸುಳ್ಳಾದೀತು. ಜನವರಿಯಲ್ಲಿ ಗೇಟಿನಿಂದ ಆಸ್ಪತ್ರೆಯವರೆಗೆ, ಫೆಬ್ರವರಿಯಲ್ಲಿ ಬಸ್ ಸ್ಟ್ಯಾಂಡಿನವರೆಗೆ, ಹೀಗೆ ಸ್ವಲ್ಪ ಸ್ವಲ್ಪವಾಗಿ. ಕೆಲವು ದಿನ ಅರ್ಧದಿಂದ ದಬ್ಬಿಕೊಂಡು ಬಂದದ್ದೂ ಉಂಟು. ತಾಳಿಕೋಟೆಯ ಹುಡುಗನಿಗೆ ಮಾತ್ರ ಫೋನು ಹೋಗಲಿಲ್ಲ.

ಜೂನಿನಲ್ಲಿ ಅವಳ ಊರಿನ ಕಡೆಗೆ ವರ್ಗದ ಆರ್ಡರ್ ಬಂತು. ಕೇಳಿ ಪಡೆದದ್ದಲ್ಲ, ತಾನಾಗಿ ಬಂದದ್ದು. ಸಾಮಾನು ಟೆಂಪೋದಲ್ಲಿ ಹೊರಟಿತು. ಅವಳು ಆಲಮಟ್ಟಿ ಸ್ಟೇಷನ್ನಿನವರೆಗೆ ಸೈಕಲ್ಲಿನಲ್ಲಿ ಹೋಗುತ್ತೇನೆ, ಸೈಕಲ್ಲನ್ನೂ ರೈಲಿಗೆ ಹಾಕಿಸುತ್ತೇನೆ ಎಂದಳು. ದಸ್ತಗೀರಸಾಬರು ಕಾರಿನಲ್ಲಿ ಹಿಂದೆ ಬರುತ್ತೇನೆ ಎಂದು ಹಟ ಹಿಡಿದರು. ಪೆಟ್ರೋಲ್ ಬಂಕಿನವರೆಗೆ ಬನ್ನಿ, ಮುಂದೆ ಬೇಡ ಎಂದಳು. ಅಲ್ಲಿ ಇಳಿದು ನನ್ನ ಕಾಲು ಮುಟ್ಟಿದಳು. ಅವರಿಗೆ ಸಲಾಮ್ ಹೇಳಿದಳು. ನನ್ನ ಕನ್ನಡಕ ಮಸುಕಾಗಿತ್ತು. ಅದನ್ನು ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅವಳು ಏರು ಹತ್ತುತ್ತಿದ್ದಳು. ಹಿಂದಿನಿಂದ ಬಂದ ಮರಳಿನ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ದಸ್ತಗೀರಸಾಬರ ಕೈ ತಾನಾಗಿಯೇ ಗೇರಿನ ಮೇಲೆ ಹೋಯಿತು. ಚೈತ್ರಾ ಇಳಿಯಲಿಲ್ಲ, ಹಿಂದೆ ತಿರುಗಲೂ ಇಲ್ಲ. ಬಲಗೈ ಚಾಚಿ, ನೀ ಮುಂದೆ ಹೋಗು ಎಂದು ಲಾರಿಗೆ ಸನ್ನೆ ಮಾಡಿ, ತನ್ನ ಪಾಡಿಗೆ ತುಳಿಯುತ್ತ ಏರಿನಾಚೆ ಇಳಿದಳು.